ಮೇಷ್ಟ್ರ ಲ್ಯಾಪ್‌ಟಾಪಿಗೆ ಯಾವ ಲಿನಕ್ಸ್?

“ಅಲ್ರೀ, ಚೆನ್ನಾಗಿ ಓಡ್ತಿರೋ ಲ್ಯಾಪ್‌ಟಾಪನ್ನ ಹಳೇದಾಯ್ತು ಅಂತ ಹೇಳೋಕೆ ಇವರು ಯಾರು?”

ಕಾಂಪೌಂಡಿನ ಆ ಕಡೆಯಿಂದ ಪಕ್ಕದ ಮನೆ ಮೇಷ್ಟ್ರು ಕೇಳಿದ ಪ್ರಶ್ನೆ ಇದು. ಕೈಯಲ್ಲಿ ಗಿಡಕ್ಕೆ ನೀರು ಬಿಡುವ ಪೈಪು ಇತ್ತು, ನೀರು ಒಂದೇ ಪಾತಿಗೆ ಸುರಿಯುತ್ತಲೇ ಇತ್ತು. ಅವರ ಸಿಟ್ಟು ನ್ಯಾಯವಾದದ್ದೇ. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ಕೊಡುತ್ತಿದ್ದ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ಹೆಸರು ನೋಂದಾಯಿಸಿಕೊಂಡವರಿಗೆ 2026ರ ಅಕ್ಟೋಬರ್‌ವರೆಗೆ ಭದ್ರತೆಯ ಅಪ್‌ಡೇಟ್ ಸಿಗುತ್ತದೆ, ಅಷ್ಟೇ. ವಿಂಡೋಸ್ 11 ಹಾಕೋಣವೆಂದರೆ ಟಿಪಿಎಂ 2.0 ಚಿಪ್ ಬೇಕು, ಇಂಟೆಲ್ ಆದರೆ ಎಂಟನೇ ತಲೆಮಾರಿನದೋ ಅದಕ್ಕಿಂತ ಹೊಸದೋ ಪ್ರೊಸೆಸರ್ ಬೇಕು. ಮೇಷ್ಟ್ರದ್ದು ಆರನೇ ತಲೆಮಾರಿನ ಐ5. ಕೀಬೋರ್ಡಿನ ಒಂದು ಅಕ್ಷರವೂ ಸವೆದಿಲ್ಲ, ಪರದೆಯಲ್ಲಿ ಒಂದು ಗೆರೆಯಿಲ್ಲ. ಆದರೂ ಪರದೆ ಮೇಲೆ “ಈ ಯಂತ್ರ ಅರ್ಹವಲ್ಲ” ಅನ್ನುವ ಸಂದೇಶ.

“ಮೊಮ್ಮಗ ಲಿನಕ್ಸ್ ಹಾಕು ತಾತ ಅಂದ. ಸರಿ ಕಣೋ ಅಂದ್ರೆ, ಯಾವ ಲಿನಕ್ಸ್ ಅಂತ ಕೇಳ್ತಾನೆ. ಎಷ್ಟು ಲಿನಕ್ಸ್ ಇದೆಯೋ ಮಾರಾಯ ಅಂದ್ರೆ, ನೂರಾರು ಅಂದುಬಿಟ್ಟ! ಈಗ ಹೇಳಿ, ನಾನೇನು ಮಾಡ್ಲಿ?”

ಈ ಕಡೆ ಕಾಲಿಟ್ಟವರೆಲ್ಲ ಮೊದಲು ಎಡವುವ ಜಾಗ ಇದೇ. ಫಿನ್ಲೆಂಡಿನ ಹೆಲ್ಸಿಂಕಿಯಲ್ಲಿ ಓದುತ್ತಿದ್ದ ಲೀನಸ್ ಟೋರ್ವಾಲ್ಡ್ಸ್ 1991ರಲ್ಲಿ ಬರೆದು ಹಂಚಿದ್ದು ಕರ್ನೆಲ್ ಎಂಬ ತಿರುಳೊಂದನ್ನೇ. ಅದರ ಜತೆಗೆ ಗ್ನು ಸಾಧನಗಳು, ಕಿಟಕಿ, ಮೆನು, ಬ್ರೌಸರ್, ಆಫೀಸು ತಂತ್ರಾಂಶ ಎಲ್ಲವನ್ನೂ ಸೇರಿಸಿ, ಒಂದಕ್ಕೊಂದು ಹೊಂದಿಸಿ, ಅಪ್‌ಡೇಟ್ ಕಳಿಸುವ ಹೊಣೆ ಹೊತ್ತವರ ಕಟ್ಟು ಡಿಸ್ಟ್ರೋ. ಯಾರು ಬೇಕಾದರೂ ಕಟ್ಟಬಹುದು ಎಂಬ ಸ್ವಾತಂತ್ರ್ಯ ಇರುವುದರಿಂದಲೇ ನೂರಾರು ಹುಟ್ಟಿವೆ. ಅವುಗಳಲ್ಲಿ ಬಹಳಷ್ಟು ಒಬ್ಬಿಬ್ಬರ ಉತ್ಸಾಹದಲ್ಲಿ ಶುರುವಾಗಿ, ಆ ಉತ್ಸಾಹ ಇಳಿದ ದಿನ ನಿಂತುಹೋಗುತ್ತವೆ.

ಮೇಷ್ಟ್ರಿಗೆ ಹೇಳಿದೆ: “ಮನೆ ಹುಡುಗಿಗೆ ಸಂಬಂಧ ನೋಡುವಾಗ ಬರೀ ಫೋಟೋ ನೋಡಿ ಒಪ್ತೀವಾ ಮೇಷ್ಟ್ರೇ? ಮನೆತನ ವಿಚಾರಿಸ್ತೀವಿ. ಇಲ್ಲೂ ಅಷ್ಟೇ. ಪರದೆ ಎಷ್ಟು ಚೆಂದ ಕಾಣುತ್ತೆ ಅನ್ನೋದು ಆಮೇಲಿನ ಮಾತು. ಹಿಂದೆ ಯಾರಿದ್ದಾರೆ, ಎಷ್ಟು ವರ್ಷ ನೋಡ್ಕೋತೀವಿ ಅಂತ ಮಾತು ಕೊಟ್ಟಿದ್ದಾರೆ, ಕೊಟ್ಟ ಮಾತು ಉಳಿಸ್ಕೊಂಡಿದ್ದಾರಾ, ಮೊದಲು ಅದನ್ನ ಕೇಳ್ಬೇಕು.”

ಮಾತು ಉಳಿಸಿಕೊಳ್ಳದ ಕಥೆಯೂ ಇದೆ. ಸೆಂಟ್‌ಓಎಸ್ 8 ಎಂಬ ಡಿಸ್ಟ್ರೋವನ್ನು 2029ರವರೆಗೆ ನೋಡಿಕೊಳ್ಳುತ್ತೇವೆ ಅಂದಿದ್ದವರು 2020ರ ಡಿಸೆಂಬರ್‌ನಲ್ಲಿ, ಅದು 2021ರ ಕೊನೆಗೇ ಮುಗಿಯುತ್ತದೆ ಅಂದುಬಿಟ್ಟರು. ಅದನ್ನೇ ನಂಬಿ ಸರ್ವರ್ ನಡೆಸುತ್ತಿದ್ದವರು ಹೊಸ ನೆಲೆ ಹುಡುಕಬೇಕಾಯಿತು. ಆಲ್ಮಾಲಿನಕ್ಸ್, ರಾಕಿ ಲಿನಕ್ಸ್ ಹುಟ್ಟಿದ್ದು ಆ ಕಾರಣಕ್ಕೇ. ಮನೆ ಲ್ಯಾಪ್‌ಟಾಪಿಗೂ ಸೆಂಟ್‌ಓಎಸ್‌ಗೂ ನೇರ ಸಂಬಂಧವಿಲ್ಲ ನಿಜ, ಆದರೆ ಹಿಂದೆ ಯಾರಿದ್ದಾರೆ ಎಂಬ ಪ್ರಶ್ನೆ ಎರಡಕ್ಕೂ ಒಂದೇ.

ಮನೆತನದ ಮಾತಿಗೆ ಬಂದರೆ ನನಗೆ ಎಲ್ಲಕ್ಕಿಂತ ಗೌರವ ಇರುವುದು ಡೆಬಿಯನ್ ಮೇಲೆ. ಇಯಾನ್ ಮರ್ಡಾಕ್ ಎಂಬ ವಿದ್ಯಾರ್ಥಿ 1993ರ ಆಗಸ್ಟ್‌ನಲ್ಲಿ ಶುರುಮಾಡಿದ್ದು. ತನ್ನ ಗೆಳತಿ ಡೆಬ್ರಾಳ ಹೆಸರನ್ನೂ ತನ್ನ ಹೆಸರನ್ನೂ ಸೇರಿಸಿ ಇಟ್ಟ ಹೆಸರು ಅದು. ಅದರ ಹಿಂದೆ ಯಜಮಾನ ಕಂಪನಿ ಇಲ್ಲ. ಜಗತ್ತಿನಾದ್ಯಂತ ಇರುವ ಸ್ವಯಂಸೇವಕರು ವರ್ಷಕ್ಕೊಮ್ಮೆ ಮತ ಹಾಕಿ ನಾಯಕರನ್ನು ಆರಿಸಿಕೊಳ್ಳುತ್ತಾರೆ. ದೊಡ್ಡ ತೀರ್ಮಾನಗಳಿಗೂ ಮತವೇ. ಹಿಂದೆಲ್ಲ ಡೆಬಿಯನ್ ಹಾಕಲು ಹೊರಟ ಸಾಮಾನ್ಯರು ವೈಫೈ ಹತ್ತಿರ ಬಂದು ಸೋಲುತ್ತಿದ್ದರು. ವೈಫೈ ಚಿಪ್ಪಿಗೆ ಬೇಕಾದ ಫರ್ಮ್‌ವೇರ್ ಮುಕ್ತವಲ್ಲ ಎಂಬ ಕಾರಣಕ್ಕೆ ಅದನ್ನು ಅಧಿಕೃತ ಇನ್‌ಸ್ಟಾಲರ್‌ನಲ್ಲಿ ಸೇರಿಸುತ್ತಿರಲಿಲ್ಲ. ನೆಟ್ ಬೇಕಾದರೆ ಫರ್ಮ್‌ವೇರ್ ಬೇಕು, ಫರ್ಮ್‌ವೇರ್ ತರಲು ನೆಟ್ ಬೇಕು! ಈ ಕಗ್ಗಂಟನ್ನು ಬಿಡಿಸಿದ್ದೂ ಮತದಿಂದಲೇ. 2022ರಲ್ಲಿ ಮತ ಹಾಕಿ ಒಪ್ಪಿದರು, 2023ರ ಜೂನ್‌ನಲ್ಲಿ ಬಂದ ಡೆಬಿಯನ್ 12ರಿಂದ ಫರ್ಮ್‌ವೇರ್ ಒಳಗೇ ಬರುತ್ತಿದೆ. 2025ರ ಆಗಸ್ಟ್‌ನಲ್ಲಿ 13ನೇ ಆವೃತ್ತಿ ಬಂದಿದೆ. ಮೂರು ವರ್ಷ ಪೂರ್ಣ ಬೆಂಬಲ, ಆಮೇಲೆ ಎರಡು ವರ್ಷ ದೀರ್ಘಾವಧಿ ಬೆಂಬಲ, ಒಟ್ಟು ಐದು.

“ಹಾಗಾದ್ರೆ ಡೆಬಿಯನ್ನೇ ಹಾಕೋಣ” ಅಂದರು ಮೇಷ್ಟ್ರು.

ಸ್ವಲ್ಪ ತಡೀರಿ ಅಂದೆ. ಉಬುಂಟುವಿನ ಮಾತು ಇನ್ನೂ ಬಂದಿರಲಿಲ್ಲ.

ಲಿನಕ್ಸ್ ಅಂದರೆ ಉಬುಂಟು ಅಂದುಕೊಂಡವರು ನಮ್ಮಲ್ಲಿ ಬಹಳ. ಅದಕ್ಕೆ ಕಾರಣವೂ ಇದೆ. ದಕ್ಷಿಣ ಆಫ್ರಿಕಾದ ಮಾರ್ಕ್ ಶಟಲ್‌ವರ್ತ್ ಕೆನಾನಿಕಲ್ ಎಂಬ ಕಂಪನಿ ಕಟ್ಟಿ, ಡೆಬಿಯನ್ ಆಧಾರದ ಮೇಲೆ 2004ರ ಅಕ್ಟೋಬರ್‌ನಲ್ಲಿ ಉಬುಂಟು ತಂದರು. ಕೇಳಿದವರಿಗೆಲ್ಲ ಅಂಚೆಯಲ್ಲಿ ಪುಕ್ಕಟೆ ಸಿಡಿ ಕಳಿಸುತ್ತಿದ್ದರು. 2011ರಲ್ಲಿ ಆ ಏರ್ಪಾಡು ನಿಲ್ಲುವವರೆಗೆ ನಮ್ಮ ಎಷ್ಟೋ ಎಂಜಿನಿಯರಿಂಗ್ ಹುಡುಗರು ಲಿನಕ್ಸಿನ ಮುಖ ಮೊದಲು ನೋಡಿದ್ದು ಆ ಸಿಡಿಯಲ್ಲೇ. ಆ ಋಣ ದೊಡ್ಡದು. ಇವತ್ತಿಗೂ ಉಬುಂಟು ಕೆಟ್ಟದ್ದು ಅಂತ ನಾನು ಹೇಳುವುದಿಲ್ಲ. ಎರಡು ವರ್ಷಕ್ಕೊಮ್ಮೆ ಏಪ್ರಿಲ್‌ನಲ್ಲಿ ಬರುವ ದೀರ್ಘಾವಧಿ ಆವೃತ್ತಿಗೆ ಐದು ವರ್ಷದ ಬೆಂಬಲ ಕೊಡುತ್ತೇವೆ ಅಂದವರು ಕೊಡುತ್ತಲೇ ಬಂದಿದ್ದಾರೆ.

ತೊಂದರೆ ಇರುವುದು ಬೇರೆ ಕಡೆ. ಕಂಪನಿಗೆ ಆಗಾಗ ದಿಕ್ಕು ಬದಲಿಸುವ ಮನಸ್ಸಾಗುತ್ತದೆ, ಬದಲಾಗುವುದು ಮಾತ್ರ ಬಳಕೆದಾರರ ಮೇಜು. 2011ರಲ್ಲಿ ಯೂನಿಟಿ ಎಂಬ ಹೊಸ ಡೆಸ್ಕ್‌ಟಾಪ್ ತಂದರು. 2012ರಲ್ಲಿ ಮೆನುವಿನಲ್ಲಿ ನಮ್ಮದೇ ಕಡತ ಹುಡುಕಿದರೆ ಪಕ್ಕದಲ್ಲಿ ಅಮೆಜಾನಿನ ಸಾಮಾನು ತೋರಿಸಿದರು. 2017ರಲ್ಲಿ ಯೂನಿಟಿ ಬಿಟ್ಟು, ಮೊದಲಿದ್ದ ಗ್ನೋಮ್ ಡೆಸ್ಕ್‌ಟಾಪಿಗೆ ಮರಳಿದರು. ಆಮೇಲೆ ತಂತ್ರಾಂಶ ಹಂಚುವ ಸ್ನ್ಯಾಪ್ ಎಂಬ ಹೊಸ ವಿಧಾನ ಬಂತು. 22.04ರ ಹೊತ್ತಿಗೆ ಫೈರ್‌ಫಾಕ್ಸ್ ಕೂಡ ಸ್ನ್ಯಾಪ್ ರೂಪದಲ್ಲೇ ಬರತೊಡಗಿ, ತೆರೆಯುವುದು ತಡವಾಗುತ್ತದೆ ಎಂಬ ದೂರು ಆಗ ಎಲ್ಲೆಡೆ ಕೇಳಿಬಂತು. ಹೊಸದನ್ನು ಕಲಿಯುವ ಹುಮ್ಮಸ್ಸು ಇರುವವರಿಗೆ ಇದೆಲ್ಲ ಆಟ. ಬೆಳಗ್ಗೆ ಪತ್ರಿಕೆ ಓದಿ, ಪಿಂಚಣಿ ಜಮೆ ಆಯಿತಾ ನೋಡಿ, ದೇವಸ್ಥಾನದ ಕಮಿಟಿಯ ಆಹ್ವಾನಪತ್ರಿಕೆ ಟೈಪ್ ಮಾಡುವ ಮೇಷ್ಟ್ರಿಗೆ ಮೆನು ಇದ್ದ ಜಾಗದಲ್ಲೇ ಇರಬೇಕು.

ಹಾಗೆ ಇದ್ದ ಜಾಗದಲ್ಲೇ ಇರಿಸಬೇಕು ಎಂಬ ಹಟದವರ ಕೆಲಸ ಲಿನಕ್ಸ್ ಮಿಂಟ್. ಕ್ಲೆಮೆಂಟ್ ಲಫೆವ್ರ್ 2006ರಲ್ಲಿ ಶುರುಮಾಡಿದ್ದು. ಗ್ನೋಮ್ ತನ್ನ ಮೂರನೇ ಆವೃತ್ತಿಯಲ್ಲಿ ಹಳೆಯ ಮೆನು, ಕೆಳಗಿನ ಪಟ್ಟಿ ಎಲ್ಲವನ್ನೂ ತೆಗೆದುಹಾಕಿದಾಗ, ಜನಕ್ಕೆ ಅದು ಬೇಕು ಅಂತ ಮಿಂಟ್‌ನವರು ತಮ್ಮದೇ ಡೆಸ್ಕ್‌ಟಾಪ್ ಬರೆದರು. ಅದೇ ಸಿನಮನ್. ಎಡ ಕೆಳಮೂಲೆಯಲ್ಲಿ ಮೆನು, ಬಲ ಕೆಳಮೂಲೆಯಲ್ಲಿ ಗಡಿಯಾರ, ನಡುವೆ ತೆರೆದ ಕಿಟಕಿಗಳು. ವಿಂಡೋಸ್ 7 ಬಳಸಿದವರು ಕೂತ ಕೂಡಲೇ ಕೆಲಸ ಮಾಡಬಹುದು. ಮಿಂಟಿನ ಬುಡದಲ್ಲಿರುವುದು ಉಬುಂಟುವೇ, ಆದರೆ 2020ರ ಮಿಂಟ್ 20ರಿಂದ ಸ್ನ್ಯಾಪ್ ತಾನಾಗಿ ಒಳಬರದಂತೆ ತಡೆದಿದ್ದಾರೆ, ಫೈರ್‌ಫಾಕ್ಸನ್ನು ಸ್ನ್ಯಾಪ್ ಇಲ್ಲದೆ ಮಾಮೂಲಿ ಪ್ಯಾಕೇಜಾಗಿ ಕೊಡುತ್ತಾರೆ. 2024ರಲ್ಲಿ ಬಂದ ಮಿಂಟ್ 22ರ ಸಾಲಿಗೆ 2029ರವರೆಗೆ ಅಪ್‌ಡೇಟ್ ಸಿಗುತ್ತದೆ.

ಮುಂದೊಂದು ದಿನ ಉಬುಂಟುವೇ ಇಲ್ಲವಾದರೆ? ಅದಕ್ಕೂ ಮಿಂಟ್‌ನವರು ತಯಾರಾಗಿದ್ದಾರೆ. ಉಬುಂಟುವನ್ನು ಬಿಟ್ಟು ನೇರ ಡೆಬಿಯನ್ ಮೇಲೆ ಕಟ್ಟಿದ ಇನ್ನೊಂದು ಮಿಂಟ್ ಇಟ್ಟುಕೊಂಡಿದ್ದಾರೆ. ಅದರ ಹೆಸರು ಎಲ್‌ಎಂಡಿಇ. 2025ರ ಅಕ್ಟೋಬರ್‌ನಲ್ಲಿ ಅದರ ಏಳನೇ ಆವೃತ್ತಿ ಬಂತು, ಡೆಬಿಯನ್ 13ರ ಆಧಾರದ ಮೇಲೆ. ಇಂಥ ಮುಂದಾಲೋಚನೆ ಕಂಡರೆ ನನಗೆ ಆ ತಂಡದ ಮೇಲೆ ನಂಬಿಕೆ ಹೆಚ್ಚುತ್ತದೆ.

ಮಿಂಟಿಗೂ ಒಮ್ಮೆ ಪೆಟ್ಟು ಬಿದ್ದಿದೆ, ಅದನ್ನು ಮುಚ್ಚಿಡಬಾರದು. 2016ರ ಫೆಬ್ರವರಿ 20ರಂದು ಯಾರೋ ಅವರ ಜಾಲತಾಣಕ್ಕೆ ನುಗ್ಗಿ, ಮಿಂಟ್ 17.3ರ ಡೌನ್‌ಲೋಡ್ ಕೊಂಡಿಯನ್ನು ಕಳ್ಳಬಾಗಿಲಿರುವ ನಕಲಿ ಕಡತಕ್ಕೆ ತಿರುಗಿಸಿದ್ದರು. ತಂಡದವರೇ ಕೂಡಲೇ ಮುಂದೆ ಬಂದು, ಆ ದಿನ ಇಳಿಸಿಕೊಂಡವರು ಇಂತಿಂಥದ್ದು ಮಾಡಿ ಎಂದು ಸಾರಿದರು. ಅಂದಿನಿಂದ ನಾನು ಯಾರಿಗೆ ಐಎಸ್‌ಒ ಕಡತ ಇಳಿಸಿಕೊಳ್ಳಲು ಹೇಳಿದರೂ, ಶಾ256 ಮೊತ್ತ ತಾಳೆ ನೋಡದೆ ಪೆನ್‌ಡ್ರೈವಿಗೆ ಹಾಕಬೇಡಿ ಅನ್ನುತ್ತೇನೆ. ಜಾಲತಾಣದಲ್ಲಿರುವ ಉದ್ದನೆಯ ಸಂಖ್ಯೆಯೂ ನಿಮ್ಮ ಕಡತದ ಸಂಖ್ಯೆಯೂ ಅಕ್ಷರಕ್ಕಕ್ಷರ ಒಂದೇ ಇರಬೇಕು. ಆ ಸಂಖ್ಯೆಯ ಮೇಲೆ ತಂಡದವರ ಸಹಿಯನ್ನೂ ಪರೀಕ್ಷಿಸಿದರೆ ಇನ್ನೂ ಒಳ್ಳೆಯದು.

“ಅದೆಲ್ಲ ಸರಿ. ನನ್ನ ಕನ್ನಡದ ಗತಿ?”

ಮೇಷ್ಟ್ರು ಪೈಪು ಕೆಳಗಿಟ್ಟು ಕೇಳಿದ ಪ್ರಶ್ನೆ ಇದೊಂದೇ. ವರ್ಷಗಟ್ಟಲೆ ಅವರು ಪ್ರಶ್ನೆಪತ್ರಿಕೆ, ವಾರ್ಷಿಕೋತ್ಸವದ ವರದಿ, ನಾಟಕ ಎಲ್ಲ ಟೈಪ್ ಮಾಡಿದ್ದು ನುಡಿ ತಂತ್ರಾಂಶದಲ್ಲಿ. ನುಡಿ ವಿಂಡೋಸಿಗಾಗಿ ಮಾಡಿದ್ದು. ಆದರೆ ಬೆರಳಿಗೆ ಅಭ್ಯಾಸವಾಗಿರುವುದು ತಂತ್ರಾಂಶವಲ್ಲ, ಕೀಲಿಗಳ ವಿನ್ಯಾಸ. ಕೆ.ಪಿ. ರಾವ್ ಅವರು ರೂಪಿಸಿದ ಆ ವಿನ್ಯಾಸ ಲಿನಕ್ಸಿನಲ್ಲೂ ಇದೆ. ಸಾಫ್ಟ್‌ವೇರ್ ಮ್ಯಾನೇಜರ್ ತೆರೆದು, ಭಾಷೆಗಳ ಟೈಪಿಂಗ್ ನೋಡಿಕೊಳ್ಳುವ ಐಬಸ್‌ಗೆ ಎಂ17ಎನ್ ಪ್ಯಾಕೇಜ್ ಹಾಕಿ, ಐಬಸ್ ಆದ್ಯತೆಗಳಲ್ಲಿ ಕನ್ನಡ ಆರಿಸಿದರೆ ಇನ್‌ಸ್ಕ್ರಿಪ್ಟ್, ಐಟ್ರಾನ್ಸ್ ಜತೆಗೆ ಕೆಜಿಪಿ ಎಂದು ಕಾಣುತ್ತದೆ. ಅದೇ ನಮ್ಮದು. ಕಾಂಪೌಂಡಿನ ಮೇಲೇ ನನ್ನ ಲ್ಯಾಪ್‌ಟಾಪ್ ಇಟ್ಟು ತೋರಿಸಿದೆ. ಮೇಷ್ಟ್ರು ಒದ್ದೆ ಬೆರಳನ್ನು ಲುಂಗಿಗೆ ಒರೆಸಿಕೊಂಡು ಕೆ, ಎನ್, ಎಫ್, ಎನ್, ಡಬ್ಲ್ಯೂ ಒತ್ತಿದರು. ಪರದೆ ಮೇಲೆ “ಕನ್ನಡ” ಮೂಡಿತು. ಎಫ್ ಒತ್ತಿದರೆ ಒತ್ತಕ್ಷರ ಬರುವುದನ್ನು ಇನ್ನೊಮ್ಮೆ, ಮತ್ತೊಮ್ಮೆ ಪರೀಕ್ಷಿಸಿದರು. ಆಮೇಲೆ ನೋಡದೆಯೇ ಒಂದಿಡೀ ವಾಕ್ಯ ಹೊಡೆದರು.

ಅಕ್ಷರದ ಅಂದಕ್ಕೂ ಬರವಿಲ್ಲ. ಲೋಹಿತ್ ಕನ್ನಡ, ನೋಟೋ ಸೆರಿಫ್ ಕನ್ನಡ, ಗುಬ್ಬಿ, ಕೈಬರಹದಂತಿರುವ ನವಿಲು, ಎಲ್ಲವೂ ಡೆಬಿಯನ್ ಭಂಡಾರದಲ್ಲೇ ಇವೆ, ಹಾಗಾಗಿ ಉಬುಂಟು, ಮಿಂಟ್ ಎರಡಕ್ಕೂ ಸಿಗುತ್ತವೆ. ಹಳೆಯ ನುಡಿ ಕಡತಗಳದ್ದು ಬೇರೆ ಕಥೆ. ಅವು ಯೂನಿಕೋಡ್ ಅಲ್ಲ. ಲಿಬ್ರೆಆಫೀಸಿನಲ್ಲಿ ತೆರೆದರೆ ಇಂಗ್ಲಿಷ್ ಅಕ್ಷರಗಳ ಗೋಜಲು ಕಾಣುತ್ತದೆ. ನುಡಿಯ ಫಾಂಟ್ ಕಡತಗಳನ್ನು ಲಿನಕ್ಸಿಗೂ ಹಾಕಿಕೊಂಡರೆ ಓದಲು ಬರುತ್ತದೆ. ಆದರೆ ಶಾಶ್ವತ ಪರಿಹಾರ ಬೇಕಾದರೆ, ವಿಂಡೋಸ್ ಇರುವಾಗಲೇ ಎಲ್ಲವನ್ನೂ ಯೂನಿಕೋಡಿಗೆ ಬದಲಿಸಿಟ್ಟುಕೊಳ್ಳಬೇಕು. ಇದು ಲಿನಕ್ಸಿಗೆ ಹೋಗದವರೂ ಮಾಡಲೇಬೇಕಾದ ಕೆಲಸ. ನಮ್ಮ ಎಷ್ಟು ಶಾಲೆ, ಪಂಚಾಯಿತಿ, ಸಂಘಗಳ ದಾಖಲೆಗಳು ಇವತ್ತಿಗೂ ಹುಡುಕಿದರೆ ಸಿಗದ ಆ ಹಳೆಯ ಸಂಕೇತದಲ್ಲಿ ಸಿಕ್ಕಿಕೊಂಡಿವೆ! ಅದನ್ನು ನೆನೆದರೆ ನನಗೆ ನಿಜಕ್ಕೂ ಸಂಕಟವಾಗುತ್ತದೆ.

ಮೆನುಗಳನ್ನೂ ಕನ್ನಡದಲ್ಲೇ ಇಟ್ಟುಕೊಳ್ಳಬಹುದಾ ಅಂದರು. ಇಟ್ಟುಕೊಳ್ಳಬಹುದು, ಆದರೆ ಅನುವಾದ ಪೂರ್ತಿಯಾಗಿಲ್ಲ. ಒಂದು ಸಾಲು ಕನ್ನಡ, ಒಂದು ಸಾಲು ಇಂಗ್ಲಿಷ್. ಅನುವಾದ ಮಾಡಿಕೊಡಲು ಯಾರ ಅಪ್ಪಣೆಯೂ ಬೇಕಿಲ್ಲ, ಮೇಷ್ಟ್ರಂಥವರು ಕೂತರೆ ಆಗುವ ಕೆಲಸ ಅದು. “ಹಾಗೋ?” ಅಂದು ಸುಮ್ಮನಾದರು. ಆ ಸುಮ್ಮನಿರುವಿಕೆ ಒಳ್ಳೆಯ ಲಕ್ಷಣ.

ಇನ್ನು ಮೊಮ್ಮಗ ಬಳಸುವ ಆರ್ಚ್ ಎಂಬ ಡಿಸ್ಟ್ರೋ. ಹುಡುಗ ಬುದ್ಧಿವಂತ, ಅವನಿಗೆ ಅದು ಸರಿ. ಆರ್ಚಿನಲ್ಲಿ ಆವೃತ್ತಿ ಅನ್ನುವುದೇ ಇಲ್ಲ, ಹೊಸದು ಬಂದಂತೆಲ್ಲ ಹರಿದುಬರುತ್ತಲೇ ಇರುತ್ತದೆ. ಅಪ್‌ಡೇಟ್ ಮಾಡುವ ಮುನ್ನ ಅವರ ಸೂಚನೆಗಳನ್ನು ಓದಿಕೊಳ್ಳಬೇಕು, ಕೈಯಾರೆ ಸರಿಪಡಿಸಬೇಕಾದದ್ದು ಬಂದರೆ ಸರಿಪಡಿಸಬೇಕು. ಕಲಿಯುವವನಿಗೆ ಅದು ಪಾಠಶಾಲೆ. ತಾತನ ಲ್ಯಾಪ್‌ಟಾಪಿಗೆ ಅದನ್ನು ಹಾಕಿ ಹುಡುಗ ಹಾಸ್ಟೆಲಿಗೆ ಹೋದರೆ ತಾತ ಯಾರನ್ನು ಕೇಳಬೇಕು? ಫೆಡೋರಾ ಕೂಡ ನನಗೆ ಇಷ್ಟವೇ, ತೀರಾ ಹೊಸ ಯಂತ್ರ ಕೊಂಡವರಿಗೆ ಅದನ್ನೇ ಹೇಳುತ್ತೇನೆ, ಯಾಕೆಂದರೆ ಹೊಸ ಕರ್ನೆಲ್, ಹೊಸ ಡ್ರೈವರ್ ಬೇಗ ಬರುತ್ತವೆ. ಆದರೆ ಒಂದೊಂದು ಆವೃತ್ತಿಗೆ ಸುಮಾರು ಹದಿಮೂರು ತಿಂಗಳ ಆಯಸ್ಸು. ಓಪನ್‌ಸೂಸೆಯ ಟಂಬಲ್‌ವೀಡ್‌ನಲ್ಲಿ ಅಪ್‌ಡೇಟ್ ಕೆಟ್ಟರೆ ಹಿಂದಿನ ಸ್ಥಿತಿಗೆ ಮರಳುವ ಏರ್ಪಾಡು ಚೆನ್ನಾಗಿದೆ. ಜೋರಿನ್ ಡಬ್ಲಿನ್‌ನವರದು, ವಿಂಡೋಸಿನ ಹಾಗೆಯೇ ಕಾಣಬೇಕು ಅನ್ನುವವರಿಗೆ ಹೊಂದುತ್ತದೆ. ಎಂಎಕ್ಸ್ ಹಳೆಯ ಯಂತ್ರಗಳಲ್ಲಿ ಹಗುರವಾಗಿ ಓಡುತ್ತದೆ. ಇವು ಯಾವುವೂ ಕಳಪೆಯಲ್ಲ. ಆದರೆ ಮೇಷ್ಟ್ರ ಪ್ರಶ್ನೆಗೆ ನನ್ನ ಉತ್ತರ ಅವುಗಳಲ್ಲಿಲ್ಲ.

ಇನ್ನೊಂದು ಮಾತನ್ನು ಯಾರೂ ಒತ್ತಿ ಹೇಳುವುದಿಲ್ಲ, ಅದಕ್ಕೇ ನಾನು ಒತ್ತಿ ಹೇಳುತ್ತೇನೆ. ಹತ್ತಿರದಲ್ಲಿ ಯಾರು ಏನು ಬಳಸುತ್ತಾರೆ ನೋಡಿಕೊಳ್ಳಿ. ಕೇಳಿದ ಕೂಡಲೇ ಕಾಂಪೌಂಡಿನ ಹತ್ತಿರ ಬಂದು ನೋಡಿಕೊಡುವವರು ಫೆಡೋರಾ ಬಳಸುತ್ತಿದ್ದರೆ ನೀವೂ ಫೆಡೋರಾ ಹಾಕಿ. ಅತ್ಯುತ್ತಮವಾದದ್ದನ್ನು ಒಬ್ಬರೇ ಕಟ್ಟಿಕೊಂಡು ಒದ್ದಾಡುವುದಕ್ಕಿಂತ, ಸಾಕಷ್ಟು ಚೆನ್ನಾಗಿರುವುದನ್ನು ಇಬ್ಬರು ಸೇರಿ ಬಳಸುವುದು ಮೇಲು. ಮೇಷ್ಟ್ರ ಪಕ್ಕದಲ್ಲಿ ನಾನಿದ್ದೇನೆ, ನನ್ನದು ಮಿಂಟ್.

ಯಂತ್ರದ ವಿಚಾರ. ನಾಲ್ಕು ಜಿಬಿ ರ‍್ಯಾಮ್ ಇದ್ದರೆ ಮಿಂಟಿನ ಎಕ್ಸ್‌ಎಫ್‌ಸಿಇ ಆವೃತ್ತಿ ಹಾಕಿ, ಎಂಟು ಇದ್ದರೆ ಸಿನಮನ್. ಹಳೆಯ ತಿರುಗುವ ಹಾರ್ಡ್‌ಡಿಸ್ಕ್ ಇದ್ದರೆ ಮೊದಲು ಅದನ್ನು ತೆಗೆಸಿ ಎಸ್‌ಎಸ್‌ಡಿ ಹಾಕಿಸಿ. ಡಿಸ್ಟ್ರೋ ಬದಲಿಸಿದರೆ ಬರುವ ವೇಗಕ್ಕಿಂತ ಎಸ್‌ಎಸ್‌ಡಿಯಿಂದ ಬರುವ ವೇಗ ದೊಡ್ಡದು, ಇದನ್ನು ಮುಚ್ಚುಮರೆಯಿಲ್ಲದೆ ಹೇಳಬೇಕು.

ಲಿನಕ್ಸಿನಲ್ಲಿ ಆಗದ್ದನ್ನೂ ಹೇಳಿಬಿಡಬೇಕು, ಇಲ್ಲದಿದ್ದರೆ ಆಮೇಲೆ ಬೈಗುಳ ನಮಗೇ. ಟ್ಯಾಲಿ ವಿಂಡೋಸಿನದು. ಡಿಜಿಟಲ್ ಸಹಿಯ ಯುಎಸ್‌ಬಿ ಟೋಕನ್ ಹಾಕಿ ಸಹಿ ಮಾಡುವವರು, ಮ್ಯಾಕ್ರೋ ತುಂಬಿದ ಎಕ್ಸೆಲ್ ಕಡತಗಳಲ್ಲೇ ದಿನಗಳೆಯುವವರು ವಿಂಡೋಸ್ ಪೂರ್ತಿ ಬಿಡುವ ಮುನ್ನ ಯೋಚಿಸಿ. ಬ್ಯಾಂಕು, ವಾಟ್ಸ್ಯಾಪ್ ವೆಬ್, ಯೂಟ್ಯೂಬ್, ವಿಡಿಯೋ ಕರೆ ಇವೆಲ್ಲ ಬ್ರೌಸರ್ ಕೆಲಸ, ವ್ಯತ್ಯಾಸವೇ ತಿಳಿಯುವುದಿಲ್ಲ. ಪ್ರಿಂಟರ್ ಮಾತ್ರ ಮಾದರಿ ನೋಡಿ ತಿಳಿದುಕೊಳ್ಳಬೇಕು. ಎಚ್‌ಪಿ ಪ್ರಿಂಟರುಗಳಿಗೆ ಕಂಪನಿಯೇ ಕೊಡುವ ಎಚ್‌ಪಿಲಿಪ್ ಇದೆ, ಬಹುಪಾಲು ಮಾದರಿಗಳು ಅದರಲ್ಲಿ ನಡೆಯುತ್ತವೆ. ಕೆಲವು ಹಳೆಯ ಲೇಸರ್ ಪ್ರಿಂಟರುಗಳು ಬಹಳ ಸತಾಯಿಸುತ್ತವೆ.

ಇದನ್ನೆಲ್ಲ ಹಾಕುವ ಮೊದಲೇ ನೋಡಿಕೊಳ್ಳುವ ಅವಕಾಶ ಲಿನಕ್ಸಿನಲ್ಲಿದೆ. ಎಂಟು ಜಿಬಿಯ ಪೆನ್‌ಡ್ರೈವ್ ಸಾಕು. ರೂಫಸ್ ಅಥವಾ ವೆಂಟಾಯ್ ಎಂಬ ತಂತ್ರಾಂಶದಿಂದ ಅದನ್ನು ಸಿದ್ಧಮಾಡಿ, ಯಂತ್ರ ಶುರುವಾಗುವಾಗ ಎಫ್12 ಅಥವಾ ಎಸ್ಕೇಪ್ ಒತ್ತಿ (ಕಂಪನಿಗೊಂದು ಕೀಲಿ), ಪೆನ್‌ಡ್ರೈವಿನಿಂದಲೇ ಮಿಂಟ್ ಓಡಿಸಬಹುದು. ಡಿಸ್ಕಿನಲ್ಲಿರುವುದಕ್ಕೆ ಅದು ಕೈ ಹಚ್ಚುವುದಿಲ್ಲ. ಒಂದು ಸಂಜೆ ಹಾಗೆ ಬಳಸಿ. ವೈಫೈ ಸಿಗುತ್ತಾ, ಸದ್ದು ಬರುತ್ತಾ, ಬೆಳಕಿನ ಕೀಲಿ ಕೆಲಸ ಮಾಡುತ್ತಾ, ಮುಚ್ಚಳ ಮುಚ್ಚಿ ತೆರೆದರೆ ಎಚ್ಚರವಾಗುತ್ತಾ, ಪ್ರಿಂಟರ್ ಒಂದು ಹಾಳೆ ಕೊಡುತ್ತಾ ನೋಡಿ. ಇವಿಷ್ಟೂ ಆದರೆ ಆ ಡಿಸ್ಟ್ರೋ ನಿಮ್ಮ ಯಂತ್ರಕ್ಕೆ ಒಗ್ಗಿತು ಅಂತ ಲೆಕ್ಕ.

ವಿಂಡೋಸನ್ನೂ ಇಟ್ಟುಕೊಂಡು ಪಕ್ಕದಲ್ಲಿ ಲಿನಕ್ಸ್ ಹಾಕುವವರು ಎರಡು ವಿಷಯ ಮರೆಯಬಾರದು. ಬಿಟ್‌ಲಾಕರ್ ಚಾಲೂ ಇದ್ದರೆ ಅದರ ರಿಕವರಿ ಕೀಲಿಯನ್ನು ಕಾಗದದಲ್ಲಿ ಬರೆದಿಟ್ಟುಕೊಳ್ಳಬೇಕು. ವಿಂಡೋಸಿನ ಫಾಸ್ಟ್ ಸ್ಟಾರ್ಟಪ್ ಆಫ್ ಮಾಡಬೇಕು, ಇಲ್ಲದಿದ್ದರೆ ವಿಂಡೋಸ್ ಪೂರ್ತಿ ಮುಚ್ಚಿಕೊಳ್ಳುವುದಿಲ್ಲ, ಅದರ ಡ್ರೈವಿಗೆ ಲಿನಕ್ಸಿನಿಂದ ಬರೆಯಲು ಆಗುವುದಿಲ್ಲ. ಹಾಕಿದ ಮೇಲೆ ಮಾಡಬೇಕಾದ ಮೊದಲ ಕೆಲಸ ಟೈಮ್‌ಶಿಫ್ಟ್ ತೆರೆದು ಸ್ನ್ಯಾಪ್‌ಶಾಟ್ ತೆಗೆಯುವ ವ್ಯವಸ್ಥೆ ಮಾಡುವುದು. ಅಪ್‌ಡೇಟಿನಿಂದ ಏನಾದರೂ ಕೆಟ್ಟರೆ ಹಿಂದಿನ ದಿನಕ್ಕೆ ಮರಳಬಹುದು. ಆದರೆ ಟೈಮ್‌ಶಿಫ್ಟ್ ಕಾಯುವುದು ವ್ಯವಸ್ಥೆಯನ್ನು. ನಿಮ್ಮ ಫೋಟೋ, ಪತ್ರಗಳ ಪ್ರತಿ ಬೇರೆಯಾಗಿಯೇ ತೆಗೆಯಬೇಕು.

ಮೇಷ್ಟ್ರು ಕೊನೆಗೆ ಕೇಳಿದ್ದು ತಮ್ಮ ಲ್ಯಾಪ್‌ಟಾಪಿನ ಬಗ್ಗೆ ಅಲ್ಲ. “ನಮ್ಮ ಸ್ಕೂಲಿನ ಕಂಪ್ಯೂಟರ್ ರೂಮಿನಲ್ಲೂ ಇಂಥವೇ ಇದಾವಲ್ರೀ, ಅವನ್ನೂ ಗುಜರಿಗೆ ಹಾಕ್ತಾರಾ?” ಅಂದರು. ಹಾಕಬೇಕಾಗಿಲ್ಲ. ಪಕ್ಕದ ಕೇರಳದಲ್ಲಿ ಸರ್ಕಾರಿ ಶಾಲೆಗಳ ಕಂಪ್ಯೂಟರ್ ಪಾಠ ಬಹಳ ವರ್ಷಗಳಿಂದ ಮುಕ್ತ ತಂತ್ರಾಂಶದ ಮೇಲೆಯೇ ನಡೆಯುತ್ತಿದೆ. ಅಲ್ಲಿ ಆದದ್ದು ಇಲ್ಲಿ ಆಗದಿರಲು ಕಾರಣವಿಲ್ಲ.

ಹಾಗಾಗಿ ಓದುಗರಲ್ಲಿ ನನ್ನ ಕೋರಿಕೆ ಇಷ್ಟು. ನಿಮ್ಮ ಮನೆಯ ಹಳೆಯ ಲ್ಯಾಪ್‌ಟಾಪಿಗೆ ಮಿಂಟ್ ಹಾಕಿ ಒಂದು ತಿಂಗಳು ಬಳಸಿ, ನಡುವೆ ಬೇರೆ ಡಿಸ್ಟ್ರೋ ಕಡೆ ನೋಡಬೇಡಿ. ಒಗ್ಗಿತು ಅನ್ನಿಸಿದರೆ ಅದೇ ಪೆನ್‌ಡ್ರೈವ್ ಹಿಡಿದು ನೀವು ಓದಿದ ಶಾಲೆಗೆ ಹೋಗಿ, ಮುಖ್ಯೋಪಾಧ್ಯಾಯರನ್ನು ಕೇಳಿ, ಒಂದೇ ಒಂದು ಕಂಪ್ಯೂಟರಿಗೆ ಹಾಕಿಕೊಡಿ. ಐಬಸ್‌ನಲ್ಲಿ ಕನ್ನಡ ಸೇರಿಸಿ, ಮಕ್ಕಳಿಂದ ತಮ್ಮ ಹೆಸರು ಟೈಪ್ ಮಾಡಿಸಿ. ಹಾಕುವ ಮುನ್ನ ಆ ಯಂತ್ರದಲ್ಲಿರುವ ಶಾಲೆಯ ಕಡತಗಳೆಲ್ಲದರ ಪ್ರತಿಯನ್ನು ಮರೆಯದೆ ತೆಗೆದಿಟ್ಟುಕೊಳ್ಳಿ.